ಆಗ್ನೆಸ್ ಬಾಯಿ ಕಾಯ್ದ ಕಾರ್ಡು

ಮಂಗಳೂರಿನ ನಮ್ಮ ಶಕ್ತಿನಗರದ ರಸ್ತೆಯಲ್ಲಿ, ಎಲ್ಲರೂ ಗೌರವದಿಂದ 'ಬಾಯಿ' ಎಂದು ಕರೆಯುತ್ತಿದ್ದ ಆಗ್ನೆಸರ ಕೆಲಸ ಏನೆಂದು ಸರಿಯಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಪಡೀಲ್‌ನ ಯಾವುದೋ ಕಂಪ್ಯೂಟರ್ ಕಂಪನಿಯಲ್ಲಿದ್ದಾರೆ ಎಂದಷ್ಟೇ ತಿಳಿದಿತ್ತು. ಕೇಳಿದರೆ, "ಒಂದು ಪೆಟ್ಟಿಗೆ ಕಾಯುವ ಕೆಲಸ ಟೀಚರ್" ಎಂದು ನಗುತ್ತಿದ್ದರು. ಪಕ್ಕದ ಮನೆಯವಳಾದ ನಾನು ಶಾಲೆಯಿಂದ ನಿವೃತ್ತಳಾದ ಮೇಲೆ ಸಂಜೆ ಅವರ ಜೊತೆ ವಾಕಿಂಗ್ ಹೋಗುವುದನ್ನು ರೂಢಿ ಮಾಡಿಕೊಂಡೆ. ನಮ್ಮ ಮಾತು ಅರ್ಧ ತುಳು, ಅರ್ಧ ಕನ್ನಡ. ಇಲ್ಲಿ ಹೇಳುವುದರಲ್ಲಿ ಬಹುಪಾಲು ನನಗೆ ಸಿಕ್ಕಿದ್ದು ಆ ನಡಿಗೆಯಲ್ಲಿ. ಉಳಿದದ್ದು ಅವರ ಗಂಡ ಇಸಿದೋರ್ ಹೇಳಿದ್ದು.

ಆಗ್ನೆಸ್ ಹುಟ್ಟಿದ್ದು ಬೋಳಾರದಲ್ಲಿ. ತಂದೆ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಸಂಜೆ ಕಾಲೇಜಿನಲ್ಲಿ ಬಿಕಾಂ ಮಾಡಿ, ಟೈಪಿಂಗ್ ಕಲಿತು, ಸಣ್ಣಪುಟ್ಟ ಆಫೀಸುಗಳಲ್ಲಿ ಕೆಲಸ ಮಾಡಿದವರು. ಇಸಿದೋರ್ ಬಹರೈನಿನಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದರು. ಒಂದು ಕಟ್ಟಡದ ತಾರಸಿಯಿಂದ ಬಿದ್ದು ಬೆನ್ನು ಹಾಳುಮಾಡಿಕೊಂಡು ಊರಿಗೆ ಬಂದ ಮೇಲೆ ಅಡುಗೆಮನೆ ಅವರದಾಯಿತು, ಆಫೀಸು ಆಗ್ನೆಸರದಾಯಿತು. ಒಬ್ಬಳೇ ಮಗಳು ಏವ್ರಿಲ್ ನರ್ಸಿಂಗ್ ಓದಿದ್ದು, ಕುವೈತಿಗೆ ಹೋದದ್ದು, ಫ್ಲೋಯ್ಡ್ ಎಂಬ ಒಳ್ಳೆಯ ಹುಡುಗನನ್ನು ಮದುವೆಯಾದದ್ದು, ಎಲ್ಲ ಆ ಸಂಬಳದಲ್ಲೇ.

ಪಡೀಲ್‌ನ ಕಂಪನಿ ಮಾಡುತ್ತಿದ್ದ ಕೆಲಸ ಇದು: ಕರಾವಳಿಯ ಸಣ್ಣ ಸಣ್ಣ ಸಹಕಾರಿ ಬ್ಯಾಂಕುಗಳಿಗೆ ಸ್ವಂತ ದೊಡ್ಡ ಕಂಪ್ಯೂಟರುಗಳಿಲ್ಲ. ಅವುಗಳ ಎಟಿಎಂ ಕಾರ್ಡುಗಳ ವ್ಯವಹಾರವನ್ನೆಲ್ಲ ಈ ಕಂಪನಿಯೇ ನಡೆಸಿಕೊಡುತ್ತದೆ. ಆಗ್ನೆಸ್ ಮೊದಲು ಇದ್ದದ್ದು ಕಾರ್ಡು ಅಚ್ಚು ಹಾಕುವ ವಿಭಾಗದಲ್ಲಿ. ಒಬ್ಬರ ಕಾರ್ಡು ಇನ್ನೊಬ್ಬರ ಲಕೋಟೆಗೆ ಹೋಯಿತು ಎಂಬ ದೂರು ಅವರ ಮೇಜಿನಿಂದ ಬಂದದ್ದೇ ಇಲ್ಲ. ಅದನ್ನು ಗಮನಿಸಿದವರು ಭದ್ರತಾ ವಿಭಾಗದ ಮುಖ್ಯಸ್ಥ ಚಿತ್ತರಂಜನ. ವಯಸ್ಸಿನಲ್ಲಿ ಆಗ್ನೆಸರಿಗಿಂತ ಕಿರಿಯ, ಬೋಳಾರದವರೇ, ಮಂಗಳಾದೇವಿ ದೇವಸ್ಥಾನದ ಹತ್ತಿರ ಮನೆ. ಒಂದೇ ಊರಿನವರೆಂಬ ಸಲುಗೆಯಲ್ಲಿ "ಆಗ್ನೆಸಕ್ಕ" ಎಂದು ಕರೆಯುತ್ತಿದ್ದರು. ಕ್ರಿಸ್ಮಸ್ಸಿಗೆ ಇವರ ಮನೆಯಿಂದ ಕುಸ್ವಾರ್ ತಿಂಡಿ ಅಲ್ಲಿಗೆ, ಅಷ್ಟಮಿಗೆ ಅವರ ಮನೆಯಿಂದ ಎಲೆಯಲ್ಲಿ ಬೇಯಿಸಿದ ಮೂಡೆ ಇಲ್ಲಿಗೆ. ಅಂಥ ಸಂಬಂಧ.

ಆ ಪೆಟ್ಟಿಗೆಯನ್ನು ನಾನು ನೋಡಿಲ್ಲ. ಹಳೆಯ ಡಿವಿಡಿ ಪ್ಲೇಯರಿನಷ್ಟು ಅಗಲ, ಅದಕ್ಕಿಂತ ಸ್ವಲ್ಪ ಉದ್ದ ಎಂದು ಆಗ್ನೆಸ್ ಹೇಳಿದ್ದರು. ತಣ್ಣನೆಯ ಕೋಣೆಯಲ್ಲಿ, ಕಬ್ಬಿಣದ ಕಪಾಟಿನಲ್ಲಿ, ಬೇರೆ ಕಂಪ್ಯೂಟರುಗಳ ನಡುವೆ ಕೂತಿರುತ್ತದಂತೆ. ನಾವು ಎಟಿಎಂನಲ್ಲಿ ಒತ್ತುವ ಪಿನ್ ಗುಪ್ತ ರೂಪದಲ್ಲಿ ಬಂದು ಈ ಪೆಟ್ಟಿಗೆಯೊಳಗೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಸರಿಯೋ ತಪ್ಪೋ ಎಂದು ಪೆಟ್ಟಿಗೆ ಹೇಳುತ್ತದೆ, ಪಿನ್ನನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ಹಾಗೆ ಬಿಚ್ಚಲು ಬೇಕಾದ ಮೂಲ ಕೀಲಿ ಎಂದರೆ ಒಂದು ಉದ್ದನೆಯ ಸಂಖ್ಯೆ. ಯಾರಾದರೂ ಸ್ಕ್ರೂ ತಿರುಗಿಸಿ ಮುಚ್ಚಳ ತೆಗೆಯಲು ಹೋದರೆ ಪೆಟ್ಟಿಗೆ ಆ ಕೀಲಿಯನ್ನು ತಾನೇ ಅಳಿಸಿಬಿಡುತ್ತದೆ. ಏನಾದರೂ ದೊಡ್ಡ ತೊಂದರೆಯಾದರೂ ಅಷ್ಟೆ. ಆಮೇಲೆ ಹೊಸದಾಗಿ ತುಂಬಿಸಬೇಕು. ಅದು ಒಬ್ಬನ ಕೈಯಲ್ಲಿ ಆಗಬಾರದೆಂದು ಕೀಲಿಯನ್ನು ಮೂರು ಪಾಲು ಮಾಡಿ, ಮೂರು ಕಾರ್ಡುಗಳಲ್ಲಿಟ್ಟು, ಮೂವರಿಗೆ ಕೊಡುತ್ತಾರೆ. ಮೂವರೂ ಬಂದು ತಮ್ಮ ತಮ್ಮ ಕಾರ್ಡು ಹಾಕಿ ಪಿನ್ ಒತ್ತಿದರೆ ಮಾತ್ರ ಪೆಟ್ಟಿಗೆಗೆ ಜೀವ. ಪೆಟ್ಟಿಗೆ ತೆರೆಯುವುದು ಎಂದು ಆಫೀಸಿನಲ್ಲಿ ಹೇಳುವುದು ಇದನ್ನೇ.

ಮೊದಲ ಕಾರ್ಡು ಚಿತ್ತರಂಜನರದ್ದು. ಎರಡನೆಯದು ನೆಟ್‌ವರ್ಕ್ ವಿಭಾಗದ ಉಬೈದ್ ಎಂಬವನದ್ದು. ಮೂರನೆಯದನ್ನು ಆಗ್ನೆಸರಿಗೆ ಕೊಟ್ಟರು.

ಕಾರ್ಡು ಕೊಟ್ಟ ದಿನದ ಬಗ್ಗೆ ಅವರು ನನಗೆ ಎಷ್ಟೋ ಸಲ ಹೇಳಿದ್ದರು. "ಇಗರ್ಜಿಯಲ್ಲಿ ಬಲಿಪೂಜೆಗೆ ಕೂತ ಹಾಗೆ ಇತ್ತು ಟೀಚರ್. ಯಾರೂ ಜೋರಾಗಿ ಮಾತಾಡುವುದಿಲ್ಲ. ಒಬ್ಬರು ಚೀಟಿಯಲ್ಲಿ ಕೊಟ್ಟ ತಮ್ಮ ಪಾಲಿನ ನಂಬರನ್ನು ಒತ್ತಿ ಕಾರ್ಡಿಗೆ ಸೇರಿಸುವಾಗ ಉಳಿದವರು ಗೋಡೆ ಕಡೆ ತಿರುಗಿ ನಿಲ್ಲುವುದು." ತಮ್ಮ ಸರದಿ ಬಂದಾಗ ಒಂದೊಂದು ಅಂಕಿಯನ್ನೂ ಎರಡೆರಡು ಸಲ ನೋಡಿ ಒತ್ತಿದರಂತೆ. ಮನೆಗೆ ಬಂದು ಕಾರ್ಡನ್ನು ಗೋದ್ರೇಜ್ ಕಪಾಟಿನ ಒಳಲಾಕರಿನಲ್ಲಿಟ್ಟರು. ಇಸಿದೋರ್ ಸಹ ಅದನ್ನು ಮುಟ್ಟುವ ಹಾಗಿರಲಿಲ್ಲ. ಪಿನ್ ತಲೆಯಲ್ಲಿತ್ತು, ಮತ್ತೆಲ್ಲಿಯೂ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಆಗ್ನೆಸ್ ಊರು ಬಿಟ್ಟು ಹೋಗುವುದೇ ಕಡಿಮೆಯಾಯಿತು. ವೇಳಾಂಕಣಿಗೆ ಹೋಗುವ ಹರಕೆ ಮೂರು ಸಲ ಮುಂದಕ್ಕೆ ಹೋಯಿತು. ಗೋವಾದಲ್ಲಿ ಅಕ್ಕನ ಮಗನ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರ ನಡೆಯುತ್ತಿದ್ದಾಗ ಆಫೀಸಿನ ಫೋನ್ ಬಂದು, ಮದುಮಗನ ಮೈಗೆ ಹಚ್ಚಿದ ತೆಂಗಿನಹಾಲಿನ ವಾಸನೆ ಆರುವ ಮೊದಲೇ ರೈಲು ಹತ್ತಿದರು. ನೆಂಟರು ಬೇಸರ ಮಾಡಿಕೊಂಡರು. ಇವರಿಗೆ ಬೇಸರವಿರಲಿಲ್ಲ. ತಾನಿಲ್ಲದೆ ಒಂದು ಕೆಲಸ ನಡೆಯುವುದಿಲ್ಲ ಎಂಬುದು ಹಂಚಿನ ಕಾರ್ಖಾನೆಯ ಕೂಲಿಯ ಮಗಳಿಗೆ ಸಣ್ಣ ಮಾತಲ್ಲ. "ಸಾವಿರಾರು ಜನ ಬೆಳಿಗ್ಗೆ ಎದ್ದು ಎಟಿಎಂಗೆ ಹೋಗ್ತಾರಲ್ಲ, ಅವರಿಗೆ ಯಾರಿಗೂ ನನ್ನ ಹೆಸರು ಗೊತ್ತಿಲ್ಲ. ಆದ್ರೂ ನಾನು ಇದ್ದೇನೆ" ಎಂದು ಒಮ್ಮೆ ಹೇಳಿದ್ದರು. ಹಾಗೆ ಹೇಳುವಾಗ ಅವರ ಮುಖ ಚೆಂದ ಕಾಣುತ್ತಿತ್ತು.

ಎರಡು ಸಾವಿರದ ಹದಿನೆಂಟರಲ್ಲಿ ಏವ್ರಿಲ್ ಮೊದಲ ಬಾರಿ ಬಸುರಿಯಾದಳು. ಹೆರಿಗೆಗೆ ತಾಯಿ ಕುವೈತಿಗೆ ಹೋಗುವುದೆಂದು ನಿಶ್ಚಯವಾಗಿ ವೀಸಾ ಕೈಸೇರಿತ್ತು. ಏಳನೇ ತಿಂಗಳು ನಡೆಯುತ್ತಿದ್ದಾಗ, ಒಂದು ಮಂಗಳವಾರ, ಫ್ಲೋಯ್ಡ್ ಫೋನ್ ಮಾಡಿದ. ಏವ್ರಿಲ್‌ಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ, ಮಗುವನ್ನು ಆದಷ್ಟು ದಿನ ಹೊಟ್ಟೆಯಲ್ಲೇ ಉಳಿಸಲು ನೋಡುತ್ತಿದ್ದಾರೆ ಎಂದ. ಇಸಿದೋರ್ ಗುರುವಾರದ ವಿಮಾನಕ್ಕೆ ಟಿಕೆಟ್ ಬದಲಿಸಿದರು.

ಆದರೆ ಅದೇ ವಾರ ಕಂಪನಿಯಲ್ಲಿ ಹಳೆಯ ಪೆಟ್ಟಿಗೆಯನ್ನು ತೆಗೆದು ಹೊಸದನ್ನು ಕೂರಿಸುವುದಿತ್ತು. ಶನಿವಾರ ಎಲ್ಲ ಬ್ಯಾಂಕುಗಳಿಂದ ಜನ ಬಂದು, ಅವರ ಕಣ್ಣೆದುರಿಗೇ ಕೀಲಿ ತುಂಬಿಸುವ ಕಾರ್ಯಕ್ರಮ. ಆಗ್ನೆಸ್ ರಜೆ ಕೇಳಲು ಹೋದಾಗ ಚಿತ್ತರಂಜನ ಕುರ್ಚಿಯಿಂದ ಎದ್ದು ಬಂದು ಪಕ್ಕದಲ್ಲಿ ಕೂತರಂತೆ.

"ಅಕ್ಕ, ನೀವಿಲ್ಲದೆ ಪೆಟ್ಟಿಗೆ ತೆರೆಯುವುದಿಲ್ಲ. ನಿಮಗೇ ಗೊತ್ತುಂಟು."

"ಮಗಳು ಆಸ್ಪತ್ರೆಯಲ್ಲಿದ್ದಾಳೆ ಸರ್."

"ಅವಳೇ ನರ್ಸ್ ಅಲ್ವಾ? ಅಲ್ಲಿ ಸುತ್ತ ಎಲ್ಲ ಅವಳ ಜನವೇ. ಇಲ್ಲಿ ನಮಗೆ ನೀವೊಬ್ಬರೇ. ಶನಿವಾರ ಒಂದು ಮುಗಿಸಿಕೊಡಿ. ಸೋಮವಾರ ನಾನೇ ನಿಮ್ಮನ್ನು ಏರ್‌ಪೋರ್ಟಿಗೆ ಬಿಡ್ತೇನೆ."

ಆಗ್ನೆಸ್ ಮಗಳಿಗೆ ಫೋನ್ ಮಾಡಿದರು. ಶನಿವಾರ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಏವ್ರಿಲ್ ಕೇಳಿದಳು. ಆಮೇಲೆ, "ಸರಿ ಮಮ್ಮಿ, ಮುಗಿಸಿ ಬಾ" ಎಂದಳು.

ಮಗು ಶುಕ್ರವಾರ ಹುಟ್ಟಿತು. ಹೆಣ್ಣು. ಅಂಗೈಗಿಂತ ಸ್ವಲ್ಪ ದೊಡ್ಡದು ಎಂದು ಫ್ಲೋಯ್ಡ್ ಹೇಳಿದ. ಉಸಿರಾಟ ಸರಿಯಿಲ್ಲದ್ದರಿಂದ ಪಾದ್ರಿಯವರಿಗೆ ಕಾಯದೆ, ಏವ್ರಿಲ್‌ಳ ಜೊತೆಯಲ್ಲಿ ಕೆಲಸ ಮಾಡುವ ಮಲಯಾಳಿ ನರ್ಸೊಬ್ಬಳು ಹಣೆಗೆ ನೀರು ಹನಿಸಿ ಟಾನ್ಯಾ ಎಂದು ಜ್ಞಾನಸ್ನಾನ ಮಾಡಿದಳು. ಶನಿವಾರ ಆಗ್ನೆಸ್ ಇಸ್ತ್ರಿ ಹಾಕಿದ ಸೀರೆ ಉಟ್ಟು ಪಡೀಲ್‌ಗೆ ಹೋಗಿ, ಬ್ಯಾಂಕುಗಳ ಅಧಿಕಾರಿಗಳ ಎದುರು ತಮ್ಮ ಕಾರ್ಡು ಹಾಕಿ ಪಿನ್ ಒತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಬಿರಿಯಾನಿ ಇತ್ತು. ಇವರು ಊಟಕ್ಕೆ ನಿಲ್ಲದೆ ಮನೆಗೆ ಬಂದು ಬ್ಯಾಗ್ ಕಟ್ಟಿದರು.

ಭಾನುವಾರ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುವಾಗ ಫ್ಲೋಯ್ಡ್‌ನ ಫೋನ್ ಬಂತು. ಮಗು ತೀರಿಕೊಂಡಿತ್ತು.

ಸೋಮವಾರ ಚಿತ್ತರಂಜನ ಮಾತಿಗೆ ತಪ್ಪಲಿಲ್ಲ. ತಮ್ಮ ಕಾರಿನಲ್ಲೇ ಬಜಪೆ ಏರ್‌ಪೋರ್ಟಿಗೆ ಕರೆದುಕೊಂಡು ಹೋದರು. ಬ್ಯಾಗ್ ತಾವೇ ಹಿಡಿದರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ದುಃಖದಲ್ಲಿ ಮಾತು ಬರುತ್ತಿಲ್ಲ ಎಂದು ಆಗ್ನೆಸ್ ತಿಳಿದರು. ಆ ಮೌನಕ್ಕೆ ಮನಸ್ಸಿನಲ್ಲೇ ಕೃತಜ್ಞತೆ ಹೇಳಿದರು ಕೂಡ.

ಕುವೈತಿನಲ್ಲಿ ಮಗಳು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಎದೆಹಾಲು ಬತ್ತಲೆಂದು ಬಿಗಿಯಾಗಿ ಬಟ್ಟೆ ಕಟ್ಟಿದ್ದರು. ತಾಯಿಯನ್ನು ನೋಡಿ ಅವಳು ಅಳಲಿಲ್ಲ.

"ಪೆಟ್ಟಿಗೆ ತೆರೆಯಿತಾ ಮಮ್ಮಿ?" ಎಂದು ಕೇಳಿದಳು.

"ತೆರೆಯಿತು" ಎಂದರು ಆಗ್ನೆಸ್.

ಅಲ್ಲಿಂದ ಮುಂದೆ ತಾಯಿ ಮಗಳ ನಡುವೆ ಫೋನು ನಿಲ್ಲಲಿಲ್ಲ, ಮಾತು ಕಡಿಮೆಯಾಯಿತು. ಹುಷಾರಾ, ಊಟ ಆಯ್ತಾ, ಪಪ್ಪನ ಬೆನ್ನು ಹೇಗುಂಟು, ಇಷ್ಟೇ. ಏವ್ರಿಲ್‌ಗೆ ಮತ್ತೆ ಮಕ್ಕಳಾಗಲಿಲ್ಲ. ಆಗ್ನೆಸ್ ತಮಗೆ ತಾವೇ ಸಮಾಧಾನ ಹೇಳಿಕೊಂಡರು: ನಾನು ಬೇಕೆಂದು ಉಳಿದದ್ದಲ್ಲ, ಸಾವಿರಾರು ಮನೆಗಳ ಕೆಲಸ ನನ್ನ ಕೈಯಲ್ಲಿತ್ತು, ಬೇರೆ ದಾರಿಯಿರಲಿಲ್ಲ. ಆ ಒಂದು ಮಾತಿನ ಮೇಲೆ ಐದು ವರ್ಷ ನಿಂತಿದ್ದರು.

ಆಮೇಲೆ ಒಂದು ಮಳೆಗಾಲ, ಆಟಿ ತಿಂಗಳಲ್ಲಿ ಅವರಿಗೆ ಡೆಂಗಿ ಜ್ವರ ಬಂತು. ನಮ್ಮ ಬಡಾವಣೆಯಲ್ಲಿ ಆ ವರ್ಷ ಮನೆಗೊಬ್ಬರು ಮಲಗಿದ್ದರು. ಪ್ಲೇಟ್‌ಲೆಟ್ ಇಳಿದು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರು ಅಲ್ಲಿದ್ದಾಗ ಒಂದು ಬೆಳಿಗ್ಗೆ ಡ್ರಿಪ್ ಬದಲಿಸಲು ಬಂದ ನರ್ಸ್, ತನ್ನ ಸೊಸೈಟಿ ಬ್ಯಾಂಕಿನ ಕಾರ್ಡು ಎಲ್ಲಿಯೂ ನಡೆಯುತ್ತಿಲ್ಲ ಎಂದು ಗೊಣಗಿದಳು. ಆಗ್ನೆಸರಿಗೆ ಅಷ್ಟೇ ಸಾಕಾಯಿತು. ಹಿಂದಿನ ರಾತ್ರಿಯ ಸಿಡಿಲಿಗೆ ಪಡೀಲ್‌ನಲ್ಲಿ ಏನೋ ಆಗಿದೆ, ಪೆಟ್ಟಿಗೆಯ ಕೀಲಿ ಹೋಗಿದೆ ಎಂದು ಅಂದಾಜು ಮಾಡಿದರು.

"ಕಾರ್ಡು ತಗೊಂಡು ಬನ್ನಿ" ಎಂದು ಇಸಿದೋರರನ್ನು ಮನೆಗೆ ಅಟ್ಟಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ಅವರು ಅದನ್ನು ಮುಟ್ಟಿದ್ದು. ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಬಂದರು. ಗಾಲಿಕುರ್ಚಿಯಲ್ಲಾದರೂ ಒಂದು ಗಂಟೆ ಹೋಗಿಬರುತ್ತೇನೆ ಎಂದು ಆಗ್ನೆಸ್ ಡಾಕ್ಟರಲ್ಲಿ ಬೇಡಿ, ಬೈಸಿಕೊಂಡು, ಕೊನೆಗೆ ಅರೆಬರೆ ಒಪ್ಪಿಗೆ ಪಡೆದರು. ನೈಟಿ ಬದಲಿಸಿ ಚೂಡಿದಾರ ಹಾಕಿ ಮಂಚದ ಅಂಚಿನಲ್ಲಿ ಕೂತರು. ಫೋನ್ ಬರಲಿಲ್ಲ. ತಾವೇ ಚಿತ್ತರಂಜನರಿಗೆ ಮಾಡಿದರೆ ಅವರು ಎತ್ತಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅದೇ ನರ್ಸ್ ಬಂದು ಕಾರ್ಡು ಸರಿಯಾಯಿತು ಎಂದಳು.

ಸಂಜೆ ಉಬೈದ್ ಎರಡು ಎಳನೀರಿನ ಬೊಂಡ ಹಿಡಿದುಕೊಂಡು ನೋಡಲು ಬಂದ.

"ಎಂತ ಉಬೈದ್, ಯಾರೂ ಫೋನ್ ಮಾಡ್ಲಿಲ್ಲ? ನಾನು ಬೆಳಿಗ್ಗೆಯಿಂದ ರೆಡಿಯಾಗಿ ಕೂತಿದ್ದೇನೆ."

"ಅದು ಸರಿಯಾಯ್ತು ಬಾಯಿ. ನೀವು ತಲೆಬಿಸಿ ಮಾಡ್ಬೇಡಿ."

"ಕೀಲಿ ಹೋಗಿರ್ಲಿಲ್ವಾ?"

"ಹೋಗಿತ್ತು" ಎಂದ ಅವನು. ಅಂದ ಮೇಲೆ, ಅನ್ನಬಾರದಿತ್ತು ಎಂದು ಅವನಿಗೆ ಹೊಳೆದಿರಬೇಕು. ಬೊಂಡಕ್ಕೆ ಸ್ಟ್ರಾ ಹಾಕುವುದರಲ್ಲಿ ಮಗ್ನನಾದ.

"ಮತ್ತೆ ಯಾರ ಕಾರ್ಡಲ್ಲಿ ತುಂಬಿಸಿದ್ದು? ನನ್ನದು ಇಲ್ಲಿ ಉಂಟಲ್ಲ."

"ಬಾಯಿ, ನೀವು ಮೊದಲು ಗುಣ ಆಗಿ. ಆಮೇಲೆ ಮಾತಾಡುವ."

ಆಗ್ನೆಸ್ ಅವನ ಕೈಯಿಂದ ಬೊಂಡ ತೆಗೆದುಕೊಳ್ಳಲಿಲ್ಲ. "ನಿನಗೆ ಗೊತ್ತಿತ್ತು" ಎಂದರು.

ಉಬೈದ್ ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದ. "ಕೊರೊನಾ ಟೈಮಲ್ಲಿ ಗೊತ್ತಾಯ್ತು. ಆಗ ನಮ್ಮನ್ನು ಯಾರನ್ನೂ ಕರೀದೆ ಸರ್ ಒಬ್ಬರೇ ಎಲ್ಲ ಮಾಡಿದ್ರು. ಅವರ ಹತ್ರ ಇನ್ನೊಂದು ಸೆಟ್ ಉಂಟು ಬಾಯಿ. ಮೂರೂ ಕಾರ್ಡು, ಮೂರೂ ಪಿನ್. ನಾನು ಕೇಳ್ಲಿಕ್ಕೆ ಹೋಗ್ಲಿಲ್ಲ. ನನಗೆ ಮೂರು ಮಕ್ಕಳು."

ಅವನು ಹೋದ ಮೇಲೂ ಆಗ್ನೆಸ್ ಚೂಡಿದಾರದಲ್ಲೇ ಕೂತಿದ್ದರು ಎಂದು ಇಸಿದೋರ್ ನನಗೆ ಹೇಳಿದರು. ಬಟ್ಟೆ ಬದಲಿಸು ಎಂದರೆ ಕೇಳಿಸಿಕೊಂಡ ಹಾಗೆ ಕಾಣಲಿಲ್ಲವಂತೆ.

ಆಸ್ಪತ್ರೆಯಿಂದ ಬಿಡುಗಡೆಯಾಗಿ, ಕಾಲಿನಲ್ಲಿ ಇನ್ನೂ ಬಲ ಬರದಿದ್ದಾಗಲೇ ಅವರು ಆಫೀಸಿಗೆ ಹೋಗಿ ಚಿತ್ತರಂಜನರ ಕೋಣೆಯ ಬಾಗಿಲು ಹಾಕಿಕೊಂಡರು. ಅಲ್ಲಿ ನಡೆದದ್ದನ್ನು ನಾನು ಅವರ ಬಾಯಲ್ಲಿ ಕೇಳಿದ ಹಾಗೆಯೇ ಬರೆಯುತ್ತಿದ್ದೇನೆ.

"ನಿಮ್ಮ ಹತ್ರ ನನ್ನ ಕಾರ್ಡಿನ ಇನ್ನೊಂದು ಪ್ರತಿ ಉಂಟಂತೆ. ಹೌದಾ?"

ಚಿತ್ತರಂಜನ ಸುಳ್ಳು ಹೇಳಲಿಲ್ಲ. "ಉಂಟು ಅಕ್ಕ. ಬ್ಯಾಕಪ್ ಅಂತ ಇಟ್ಟದ್ದು. ಮೂವರಲ್ಲಿ ಒಬ್ಬರಿಗೆ ಏನಾದ್ರೂ ಆದ್ರೆ ಅಷ್ಟೂ ಬ್ಯಾಂಕು ನಿಲ್ತದೆ. ಕ್ರಮದಲ್ಲಿ ಮಾಡ್ಲಿಕ್ಕೆ ಹೋದ್ರೆ ಇನ್ನೂ ಮೂರು ಜನ ಬೇಕು, ಬೋರ್ಡಿನ ಒಪ್ಪಿಗೆ ಬೇಕು. ಯಾರು ಮಾಡ್ತಾರೆ ಅದೆಲ್ಲ?"

"ಯಾವಾಗಿನಿಂದ?"

"ಶುರುವಿನಿಂದ."

"ಶುರು ಅಂದ್ರೆ?"

"ನಿಮಗೆ ಕಾರ್ಡು ಕೊಟ್ಟದ್ದಕ್ಕಿಂತ ಮೊದಲೇ. ಆವತ್ತು ನಿಮಗೆ ಒತ್ತಲಿಕ್ಕೆ ಕೊಟ್ಟ ನಂಬರು ನಾನೇ ಮಾಡಿಟ್ಟದ್ದು. ಪಿನ್ ಕೂಡ ನಾನು ಕೊಟ್ಟದ್ದನ್ನೇ ನೀವು ಇಟ್ಕೊಂಡ್ರಿ ಅಲ್ವಾ?"

ಹೌದು. ಬದಲಿಸಬೇಡಿ, ಪೆಟ್ಟಿಗೆಗೆ ತೊಂದರೆಯಾಗ್ತದೆ ಎಂದು ಅವರೇ ಹೇಳಿದ್ದರು. ಆಗ್ನೆಸ್ ಅದನ್ನು ನಂಬಿ, ಆ ಪಿನ್ನನ್ನು ಗಂಡನಿಗೂ ಹೇಳದೆ ಇಟ್ಟುಕೊಂಡಿದ್ದರು. ಗೋಡೆ ಕಡೆ ತಿರುಗಿ ನಿಂತದ್ದು, ಅಂಕಿಗಳನ್ನು ಎರಡೆರಡು ಸಲ ನೋಡಿದ್ದು, ಎಲ್ಲ ಆಗಲೇ ಆಗಿಹೋಗಿದ್ದ ಕೆಲಸದ ನಾಟಕ.

ಆಗ್ನೆಸ್ ಎದ್ದು ಹೋಗಲಿಲ್ಲ. ಕೇಳಬೇಕೆಂದು ಬಂದದ್ದು ಇನ್ನೂ ಬಾಕಿಯಿತ್ತು.

"ಹಾಗಾದ್ರೆ ಆ ಶನಿವಾರ? ಏವ್ರಿಲ್‌ನ ಮಗು ಹುಟ್ಟಿದಾಗ?"

ಚಿತ್ತರಂಜನ ಮೇಜಿನ ಮೇಲಿನ ಕಾಗದಗಳನ್ನು ಒಟ್ಟು ಮಾಡಿದರು.

"ಹೊಸ ಪೆಟ್ಟಿಗೆಗೆ ಗುರುವಾರವೇ ಕೀಲಿ ತುಂಬಿಸಿ ಆಗಿತ್ತು ಅಕ್ಕ. ಪರೀಕ್ಷೆ ಎಲ್ಲ ಆಗಿತ್ತು. ಶನಿವಾರದ್ದು ಬ್ಯಾಂಕಿನವರಿಗೆ ತೋರಿಸ್ಲಿಕ್ಕೆ. ಅವರ ಹತ್ರ ಮೂವರ ಹೆಸರಿತ್ತು. ನೀವು ಕಾಣದಿದ್ರೆ ಪ್ರಶ್ನೆ ಬರ್ತಿತ್ತು, ಎಲ್ಲ ಒಂದು ತಿಂಗಳು ಮುಂದೆ ಹೋಗ್ತಿತ್ತು. ಮಗುವಿಗೆ ಹಾಗಾಗ್ತದೆ ಅಂತ ನನಗೆ ಎಂತ ಗೊತ್ತು?"

ಗುರುವಾರ. ಅವರ ಟಿಕೆಟ್ ಇದ್ದದ್ದು ಗುರುವಾರಕ್ಕೆ.

"ಒಂದೇ ಒಂದು ರೂಪಾಯಿ ಯಾರದ್ದಾದ್ರೂ ಹೋಗಿದೆಯಾ ಇಷ್ಟು ವರ್ಷದಲ್ಲಿ, ಹೇಳಿ?" ಎಂದು ಚಿತ್ತರಂಜನ ಕೇಳಿದರು. ಅವರ ಮಟ್ಟಿಗೆ ಅದು ನಿಜವೂ ಆಗಿತ್ತು. ಅವರು ಕದ್ದವರಲ್ಲ. ಆಗ್ನೆಸ್ ಬಾಗಿಲು ತೆರೆದು ಹೊರಗೆ ಬಂದರು. ಬಸ್ ಸ್ಟಾಪಿನವರೆಗೆ ಹೇಗೆ ಬಂದೆನೆಂದು ಅವರಿಗೆ ನೆನಪಿಲ್ಲ.

ಆ ಭಾನುವಾರವೇ ಚಿತ್ತರಂಜನ ಶಕ್ತಿನಗರಕ್ಕೆ ಬಂದರು. ಹಣ್ಣು ತಂದಿದ್ದರು. ಇಸಿದೋರ್ ಚಾ ಮಾಡಿ ಕೊಟ್ಟು, ಒಳಗೆ ಹೋಗದೆ ಅಲ್ಲೇ ಬಾಗಿಲಿಗೆ ಒರಗಿ ನಿಂತರು. ಮುಂದಿನ ವಾರ ಹೊರಗಿನಿಂದ ಲೆಕ್ಕಪರಿಶೋಧನೆಗೆ ಬರುವವರಿದ್ದರು. ಪೆಟ್ಟಿಗೆ, ಕಾರ್ಡು, ಯಾರು ಯಾವಾಗ ಮುಟ್ಟಿದರು, ಎಲ್ಲವನ್ನೂ ವರ್ಷಕ್ಕೊಮ್ಮೆ ಕೇಳಿ ಹೋಗುತ್ತಾರೆ. ಚಿತ್ತರಂಜನ ಬಂದದ್ದು ಅದಕ್ಕೆ.

"ನಮ್ಮ ಮನೆಯೊಳಗಿನ ಮಾತು ಅಂತ ತಿಳ್ಕೊಳ್ಳಿ ಅಕ್ಕ. ಆ ಸೆಟ್ ನಾನು ನಾಳೆಯೇ ಪುಡಿ ಮಾಡ್ತೇನೆ, ನಿಮ್ಮ ಎದುರಿಗೇ. ಅವರ ಹತ್ರ ಎಂತ ಹೇಳುವುದೂ ಬೇಡ."

"ನಿಮಗೆ ಆವತ್ತು ಅಕ್ಕನ ಮೊಮ್ಮಗು ನೆನಪಾಗ್ಲಿಲ್ಲ" ಎಂದರು ಆಗ್ನೆಸ್. "ಈಗ ನಾನು ಅಕ್ಕ ಅಂತ ನೆನಪಾಗ್ತದೆ."

ಇಸಿದೋರ್ ಹಣ್ಣಿನ ಚೀಲವನ್ನು ಹಿಂದೆ ಕೊಟ್ಟು ಗೇಟಿನವರೆಗೆ ಬಿಟ್ಟು ಬಂದರು.

ಪರಿಶೋಧನೆಗೆ ಬಂದವಳು ನಜ್ಲಾ ಎಂಬ ಹುಡುಗಿ. ಮಂಗಳೂರಿನವಳೇ, ಲ್ಯಾಪ್‌ಟಾಪ್ ನೋಡಿಕೊಂಡೇ ಪ್ರಶ್ನೆ ಕೇಳುವವಳು. ಪ್ರತಿವರ್ಷದ ಪ್ರಶ್ನೆಯನ್ನೇ ಕೇಳಿದಳು: ನಿಮ್ಮ ಪಾಲಿನ ಕೀಲಿ ನಿಮ್ಮನ್ನು ಬಿಟ್ಟು ಬೇರೆ ಯಾರಿಗಾದರೂ ಗೊತ್ತಿದೆಯೇ? ಹಿಂದಿನ ಎಲ್ಲ ವರ್ಷ ಆಗ್ನೆಸ್ ಇಲ್ಲ ಎಂದಿದ್ದರು, ತಲೆಯೆತ್ತಿ ಹೇಳಿದ್ದರು. ಈ ಸಲ "ಗೊತ್ತುಂಟು" ಎಂದರು. ನಜ್ಲಾ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿದಳು. ಆಗ್ನೆಸ್ ಎಲ್ಲ ಹೇಳಿದರು. ಉಬೈದ್‌ನ ಹೆಸರು ತೆಗೆಯಲಿಲ್ಲ. ಮಗುವಿನ ವಿಷಯವನ್ನೂ ಹೇಳಲಿಲ್ಲ. ಅದನ್ನು ಬರೆದುಕೊಳ್ಳಲು ಅವಳ ಪಟ್ಟಿಯಲ್ಲಿ ಜಾಗವಿಲ್ಲ ಎಂದು ಅನಿಸಿತಂತೆ.

ಮುಂದೆ ನಡೆದದ್ದು ಯಾರಿಗೂ ಸಮಾಧಾನ ಕೊಡಲಿಲ್ಲ. ಎಲ್ಲ ಕೀಲಿಗಳನ್ನೂ ಅಳಿಸಿ ಹೊಸದಾಗಿ ಮಾಡಬೇಕಾಯಿತು. ತಿಂಗಳುಗಟ್ಟಲೆ ಕೆಲಸ, ವಿಭಾಗದವರಿಗೆ ದೀಪಾವಳಿ ರಜೆಯೂ ಇಲ್ಲ. ಕಂಪನಿ ಇದನ್ನು 'ಪ್ರಕ್ರಿಯೆಯ ಲೋಪ' ಎಂದು ಕರೆಯಿತು. ಚಿತ್ತರಂಜನರನ್ನು ಹುಬ್ಬಳ್ಳಿ ಕಚೇರಿಗೆ ವರ್ಗ ಮಾಡಿದರು. ಅಲ್ಲಿ ಅವರ ಹುದ್ದೆಯ ಹೆಸರು ಇಲ್ಲಿಗಿಂತ ದೊಡ್ಡದು. ಹೊಸ ಕಾರ್ಡು ಹಿಡಿಯುತ್ತೀರಾ ಎಂದು ಆಗ್ನೆಸರನ್ನು ಕೇಳಿದರು. ಅವರು ಒಪ್ಪಲಿಲ್ಲ. ಆಮೇಲೆ ಅವರನ್ನು ಸಾಮಾನು ಖರೀದಿಯ ವಿಭಾಗಕ್ಕೆ ಹಾಕಿದರು. ಮಧ್ಯಾಹ್ನ ಬುತ್ತಿ ಹಂಚಿಕೊಂಡು ತಿನ್ನುತ್ತಿದ್ದ ಹೆಂಗಸರು ಬೇರೆ ಮೇಜಿಗೆ ಹೋದರು. ಉಬೈದ್ ಎದುರಾದರೆ ಮೊಬೈಲ್ ನೋಡುತ್ತಾ ದಾಟುತ್ತಿದ್ದ. "ನಾನು ಕಳ್ಳಿ ಅಂತ ಯಾರಾದ್ರೂ ಹೊರಗಿಂದ ನೋಡಿದ್ರೆ ತಿಳ್ಕೊಳ್ಬೇಕು ಟೀಚರ್, ಹಾಗೆ ಉಂಟು ಅಲ್ಲಿ" ಎಂದರು ಒಂದು ಸಂಜೆ. ಕೆಲವು ತಿಂಗಳಲ್ಲೇ ಸ್ವಯಂನಿವೃತ್ತಿ ತೆಗೆದುಕೊಂಡರು.

ಮಗಳಿಗೆ ಹೇಳುವುದನ್ನು ಮಾತ್ರ ಮುಂದೂಡುತ್ತಾ ಬಂದರು. ನಿಜ ಹೇಳಿದರೆ ತಮ್ಮ ಮೇಲಿನ ಕೋಪ ಇಳಿದೀತು ಎಂಬ ಆಸೆಯೂ ಇತ್ತು ಎಂದು ನನ್ನೊಡನೆ ಒಪ್ಪಿಕೊಂಡರು. ಕೊನೆಗೆ ಒಂದು ಶುಕ್ರವಾರ, ಅಲ್ಲಿ ಏವ್ರಿಲ್‌ಗೆ ರಜೆ ಇದ್ದ ದಿನ, ವೀಡಿಯೋ ಕಾಲ್‌ನಲ್ಲಿ ಎಲ್ಲ ಹೇಳಿದರು. ನಾನಿದ್ದರೂ ಇಲ್ಲದಿದ್ದರೂ ಆ ಪೆಟ್ಟಿಗೆ ತೆರೆಯುತ್ತಿತ್ತು, ನನ್ನನ್ನು ಮೋಸ ಮಾಡಿ ನಿಲ್ಲಿಸಿದರು ಎಂದರು.

ಏವ್ರಿಲ್ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಅವರು ಮಾಡಿದ್ದು ಮೋಸವೇ ಮಮ್ಮಿ. ಆದ್ರೆ ಅದು ನಿಜ ಆಗಿದ್ರೂ, ನೀನಿಲ್ಲದೆ ಪೆಟ್ಟಿಗೆ ನಿಜವಾಗಿ ತೆರೆಯದಿದ್ರೂ, ನೀನು ಬರಬಹುದಿತ್ತು. ತೆರೆಯದಿದ್ರೆ ಬೇಡ ಅಂತ ಹೇಳಬಹುದಿತ್ತು."

ಇದನ್ನು ನನಗೆ ಹೇಳುವಾಗ ಆಗ್ನೆಸ್ ರಸ್ತೆಯ ಬದಿಯಲ್ಲಿ ನಿಂತುಬಿಟ್ಟರು. ಚಿತ್ತರಂಜನರ ಮಾತಿಗೆ ಬಂದ ಕೋಪಕ್ಕೆ ಒಂದು ಗುರಿಯಿತ್ತು. ಇದಕ್ಕೆ ಬೆರಳು ತೋರಿಸಲು ಬೇರೆ ಯಾರೂ ಇರಲಿಲ್ಲ. ಅಷ್ಟು ವರ್ಷ ಅವರು ಹಿಡಿದು ನಿಂತಿದ್ದ ಒಂದೇ ಮಾತನ್ನು ಒಬ್ಬನು ಸುಳ್ಳು ಮಾಡಿದ, ಇನ್ನೊಬ್ಬಳು ಅದು ನಿಜವಾಗಿದ್ದರೂ ಸಾಲದು ಎಂದಳು.

"ನೀವೆಂತ ಹೇಳಿದ್ರಿ?" ಎಂದು ಕೇಳಿದೆ.

"ಹೌದು ಅಂದೆ. ಬರಬಹುದಿತ್ತು ಅಂದೆ. ಮತ್ತೆ ಇಬ್ಬರೂ ಅತ್ತೆವು. ಇಷ್ಟು ವರ್ಷದಲ್ಲಿ ಅವಳು ನನ್ನ ಎದುರು ಅತ್ತದ್ದು ಅದೇ ಮೊದಲು."

ಅದರ ನಂತರ ತಾಯಿ ಮಗಳ ಫೋನು ಉದ್ದವಾಗುತ್ತಾ ಬಂತು. ಕೆಲವೊಮ್ಮೆ ಜಗಳವೂ ಆಗುತ್ತದೆ ಎಂದು ಇಸಿದೋರ್ ಹೇಳುತ್ತಾರೆ. ಹೇಳುವಾಗ ಅವರಿಗೆ ಅದು ಸಂತೋಷದ ವಿಷಯ.

ಕಳೆದ ತಿಂಗಳು ನಾವಿಬ್ಬರೂ ಕಂಕನಾಡಿ ಮಾರ್ಕೆಟಿಗೆ ಹೋಗಿದ್ದೆವು. ಮೀನಿನ ಕಡೆಗೆ ತಿರುಗುವಲ್ಲಿ ಒಬ್ಬರು "ಅಕ್ಕ" ಎಂದು ಕರೆದರು. ನಾನು ಚಿತ್ತರಂಜನರನ್ನು ನೋಡಿದ್ದು ಅದೇ ಮೊದಲು. ತೆಳ್ಳಗಿನ ಮನುಷ್ಯ, ಕೈಯಲ್ಲಿ ತರಕಾರಿ ಚೀಲ. ಊರಿಗೆ ಬಂದಿದ್ದೇನೆ, ಹುಬ್ಬಳ್ಳಿಯ ಒಣಬಿಸಿಲು ಒಗ್ಗುವುದಿಲ್ಲ ಎಂದರು. ಏವ್ರಿಲ್ ಹೇಗಿದ್ದಾಳೆ ಎಂದು ಕೇಳಿದರು.

"ಚೆನ್ನಾಗಿದ್ದಾಳೆ" ಎಂದರು ಆಗ್ನೆಸ್.

"ನನ್ನ ಮೇಲೆ ಇನ್ನೂ ಬೇಜಾರು ಉಂಟಾ?"

"ಉಂಟು" ಎಂದರು. ಧ್ವನಿ ಏರಲಿಲ್ಲ. "ಕ್ಷಮಿಸ್ಬೇಕು ಅಂತ ಪಾದ್ರಿಯವರು ಹೇಳ್ತಾರೆ. ನೋಡುವ. ಇವತ್ತು ಆಗುವುದಿಲ್ಲ."

ಚಿತ್ತರಂಜನ ನನ್ನನ್ನು ನೋಡಿ, ತಲೆಯಾಡಿಸಿ ಹೋದರು.

ಆಗ್ನೆಸ್ ಮೀನಿನವಳ ಜೊತೆ ಬಂಗುಡೆಗೆ ಎಂದಿಗಿಂತ ಹೆಚ್ಚು ಚೌಕಾಸಿ ಮಾಡಿದರು. ರಿಕ್ಷಾ ಹತ್ತಿದ ಮೇಲೆ ಮೀನಿನ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡರು. ನಂತೂರು ಬರುವವರೆಗೆ ಹೊರಗೆ ನೋಡುತ್ತಿದ್ದರು.

"ನಾನು ಸರಿಯಾಗಿ ಮಾತಾಡಿದೆನಾ ಟೀಚರ್?"

"ಸರಿಯಾಗಿಯೇ ಮಾತಾಡಿದ್ರಿ" ಎಂದೆ.

"ಇನ್ನೂ ಸ್ವಲ್ಪ ಹೇಳ್ಬೇಕಿತ್ತು" ಎಂದರು ಅವರು.